ಹುಳುಕಡ್ಡಿಯೂ ಶ್ರಾವಕನ ಅಹಿಂಸೆಯೂ

ನಮ್ಮೂರ ಬಸದಿಯಲ್ಲಿ ಚಾತುರ್ಮಾಸದ ದಿನಗಳಲ್ಲಿ ಸಂಜೆ ಸ್ವಾಧ್ಯಾಯ ನಡೆಯುವುದು ಹಿರಿಯರ ಕಾಲದಿಂದ ಬಂದ ರೂಢಿ. ಕೆಲವು ವರ್ಷಗಳ ಹಿಂದೆ ಶ್ರಾವಣ ಮಾಸದಲ್ಲಿ ಸ್ಥಾವರಜೀವಗಳ ವಿಷಯ ನಡೆದಿದ್ದಾಗ ವಯಸ್ಸಾದ ರೈತ ಶ್ರಾವಕರೊಬ್ಬರು ಎದ್ದುನಿಂತು ಒಂದು ಪ್ರಶ್ನೆ ಕೇಳಿದರು: "ಮೈಮ್ಯಾಲೆ ಹುಳುಕಡ್ಡಿ ಎದ್ದರ ಔಷಧ ಹಚ್ಚಬೇಕೋ ಬ್ಯಾಡೋ? ಹಚ್ಚಿದರ ಆ ಹುಳ ಸಾಯ್ತಾವಲ್ರಿ, ಆ ಪಾಪ ಯಾರಿಗೆ?" ಕುಳಿತವರಲ್ಲಿ ಕೆಲವರು ನಕ್ಕರು. ನಾನೂ ನಕ್ಕೆ. ಗ್ರಂಥ ಓದಿ ಅರ್ಥ ಹೇಳುತ್ತಿದ್ದವನು ನಾನೇ ಆದುದರಿಂದ ಉತ್ತರ ಕೊಡುವ ಹೊಣೆಯೂ ನನ್ನದಾಗಿತ್ತು. ಗೃಹಸ್ಥನಿಗೆ ಅದರಲ್ಲಿ ದೋಷವಿಲ್ಲವೆಂದು ಒಂದೇ ಮಾತಿನಲ್ಲಿ ಮುಗಿಸಿ ಮುಂದಿನ ಪುಟಕ್ಕೆ ಹೋದೆ. ಆ ಹೊತ್ತಿನಲ್ಲಿ ನನ್ನ ಧೋತರದೊಳಗೆ, ಸೊಂಟದ ಸುತ್ತಲೂ ತೊಡೆಯ ಸಂದಿಯಲ್ಲಿಯೂ, ಅದೇ ಹುಳುಕಡ್ಡಿ ಹಿಂದಿನ ಮಳೆಗಾಲದಿಂದಲೂ ಇತ್ತು. ಪ್ರಶ್ನೆ ಕೇಳಿದವರು ಪ್ರಾಮಾಣಿಕರಾಗಿದ್ದರು. ಉತ್ತರ ಹೇಳಿದವನು ಹಾಗಿರಲಿಲ್ಲ. ಈ ಬರಹ ಆ ಉತ್ತರವನ್ನು ತಿದ್ದುವ ಪ್ರಯತ್ನ.

ಮೊದಲು ಹೆಸರಿನ ಗೊಂದಲ ತೀರಬೇಕು. ಹುಳುಕಡ್ಡಿಯಲ್ಲಿ ಹುಳುವಿಲ್ಲ. ಗಜಕರ್ಣವೆಂದೂ ಕರೆಯಲ್ಪಡುವ ಈ ವ್ಯಾಧಿಗೆ ಕಾರಣ ಒಂದು ಬಗೆಯ ಶಿಲೀಂಧ್ರ, ಅಂದರೆ ರೊಟ್ಟಿಯ ಮೇಲೆ, ಉಪ್ಪಿನಕಾಯಿಯ ಮೇಲೆ, ಮಳೆಗಾಲದ ಚರ್ಮದ ಚೀಲದ ಮೇಲೆ ಏಳುವ ಬೂಷ್ಟಿನ ದೂರದ ಬಂಧು. ನಮ್ಮ ಚರ್ಮದ ಹೊರಪದರದಲ್ಲಿ, ಕೂದಲಲ್ಲಿ, ಉಗುರಿನಲ್ಲಿ ಇರುವ ಕೆರಾಟಿನ್ ಎಂಬ ಗಟ್ಟಿ ಪದಾರ್ಥವೇ ಇದರ ಆಹಾರ. ಆ ಹೊರಪದರ ಸತ್ತ ಕೋಶಗಳ ಪದರ. ಶಿಲೀಂಧ್ರವು ಸಾಮಾನ್ಯವಾಗಿ ಅದರಿಂದ ಕೆಳಗೆ ಜೀವಂತ ಮಾಂಸದೊಳಗೆ ಇಳಿಯುವುದಿಲ್ಲ. ಒಂದು ಬಿಂದುವಿನಲ್ಲಿ ಬೇರೂರಿ ಸುತ್ತಲೂ ಸಮನಾಗಿ ಹರಡುತ್ತ ಹೋಗುವುದರಿಂದ ಅಂಚು ಕೆಂಪಾಗಿ ಉಬ್ಬಿ, ನಡುಭಾಗ ತಿಳಿಯಾಗಿ, ಬಳೆಯಂತೆ ಕಾಣುತ್ತದೆ. ಜೀವವಿಜ್ಞಾನಿಗಳು ಬಹುಕಾಲ ಶಿಲೀಂಧ್ರವನ್ನು ಸಸ್ಯವೆಂದೇ ಎಣಿಸಿದ್ದರು. 1969ರಲ್ಲಿ ವಿಟೇಕರ್ ಎಂಬ ವಿಜ್ಞಾನಿ ಅದನ್ನು ಸಸ್ಯಗಳಿಂದ ಬೇರ್ಪಡಿಸಿ ಪ್ರತ್ಯೇಕ ಸಾಮ್ರಾಜ್ಯದಲ್ಲಿ ಇರಿಸಿದರು. ನಮ್ಮ ಹಿರಿಯರಾದರೋ ಬೂಷ್ಟನ್ನು ಸಾಧಾರಣ ವನಸ್ಪತಿಯ ಸಾಲಿನಲ್ಲಿ, ಒಂದೇ ಶರೀರದಲ್ಲಿ ಅನಂತ ಜೀವಗಳಿರುವ ಪಂಗಡದಲ್ಲಿ ಇರಿಸಿ, ಬೂಷ್ಟು ಹಿಡಿದ ಪದಾರ್ಥವನ್ನು ಅಭಕ್ಷ್ಯವೆಂದರು. ಹೀಗಾಗಿ ಆ ರೈತರ ಪ್ರಶ್ನೆಯಲ್ಲಿ ಹುಳುವಿನ ಅಂಶ ತಪ್ಪಾಗಿದ್ದರೂ ಜೀವದ ಅಂಶ ತಪ್ಪಾಗಿರಲಿಲ್ಲ. ದ್ವೀಂದ್ರಿಯವಲ್ಲ, ಏಕೇಂದ್ರಿಯ, ಆದರೆ ಜೀವ. ನಗುವ ಪ್ರಶ್ನೆ ಅದಾಗಿರಲಿಲ್ಲ.

ಇನ್ನು ನನ್ನ ವಿಷಯ. ತುರಿಕೆ ಆರಂಭವಾದಾಗ ನಾನು ಮಾಡಿದ್ದು ನಮ್ಮಲ್ಲಿ ನೂರಕ್ಕೆ ತೊಂಬತ್ತು ಜನ ಮಾಡುವುದನ್ನೇ. ಪೇಟೆಯ ಔಷಧದ ಅಂಗಡಿಗೆ ಹೋಗಿ, ಗಿರಾಕಿಗಳು ಕಡಿಮೆಯಾಗುವವರೆಗೆ ಕಾದು, ತಗ್ಗಿದ ದನಿಯಲ್ಲಿ "ತುರಿಕೆಗೆ ಏನಾದರೂ ಕೊಡಿ" ಎಂದೆ. ಕೊಟ್ಟ ಮುಲಾಮು ಮೂರೇ ದಿನದಲ್ಲಿ ತುರಿಕೆಯನ್ನು ನಿಲ್ಲಿಸಿತು. ಹಚ್ಚುವುದನ್ನು ಬಿಟ್ಟೆ, ಹದಿನೈದು ದಿನಕ್ಕೆ ಬಳೆ ಮೊದಲಿಗಿಂತ ದೊಡ್ಡದಾಗಿ ಮರಳಿತು. ಮತ್ತೆ ಹಚ್ಚಿದೆ. ಹೀಗೆ ಒಂದು ವರ್ಷ. ಆ ಕೊಳವೆಯಲ್ಲಿ ಶಿಲೀಂಧ್ರನಾಶಕದೊಡನೆ ಪ್ರಬಲವಾದ ಸ್ಟೀರಾಯ್ಡ್ ಬೆರೆತಿತ್ತೆಂದು ತಿಳಿದದ್ದು ಬಹಳ ತಡವಾಗಿ. ಸ್ಟೀರಾಯ್ಡ್ ಮಾಡುವ ಕೆಲಸವೆಂದರೆ ದೇಹದ ಪ್ರತಿರೋಧವನ್ನು ಆ ಜಾಗದಲ್ಲಿ ಮಲಗಿಸುವುದು. ಕೆಂಪು ಇಳಿಯುತ್ತದೆ, ತುರಿಕೆ ಅಡಗುತ್ತದೆ, ರೋಗಿಗೆ ಗುಣವಾಯಿತೆನ್ನಿಸುತ್ತದೆ. ಕಾವಲುಗಾರ ಮಲಗಿದ ಮನೆಯಲ್ಲಿ ಶಿಲೀಂಧ್ರ ನಿರಾತಂಕವಾಗಿ ಹಬ್ಬುತ್ತದೆ. ಚರ್ಮ ತೆಳುವಾಗಿ, ಬಿಳಿಯ ಗೀರುಗಳು ಶಾಶ್ವತವಾಗಿ ಉಳಿಯುತ್ತವೆ. ನನ್ನ ತೊಡೆಯಲ್ಲಿ ಇಂದಿಗೂ ಅವು ಇವೆ. ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮವನ್ನು ಬಿಗಿಗೊಳಿಸಿತ್ತು. ನಾನು ಕೊಂಡದ್ದು ಅದರ ನಂತರ. ಅಂಗಡಿಯವನನ್ನು ದೂರಿ ಪ್ರಯೋಜನವಿಲ್ಲ. ಚೀಟಿ ಬೇಡವಾಗಿದ್ದುದು ನನಗೇ. ಚೀಟಿ ಬೇಕಾದರೆ ವೈದ್ಯರ ಮುಂದೆ ಧೋತರ ಸರಿಸಬೇಕಿತ್ತು.

ಸ್ವಾಧ್ಯಾಯದಲ್ಲಿ ಆ ಪ್ರಶ್ನೆ ಬಂದ ಕೆಲವೇ ದಿನಗಳಲ್ಲಿ ನನ್ನ ನಾಲ್ಕು ವರ್ಷದ ಮೊಮ್ಮಗಳ ತೋಳಿನ ಮೇಲೆ ಒಂದು ಚಿಕ್ಕ ಬಳೆ ಎದ್ದಿತು. ಸೊಸೆ ಕೂಡಲೇ ಬೆಳಗಾವಿಯ ಚರ್ಮರೋಗ ವೈದ್ಯರಲ್ಲಿಗೆ ಕರೆದೊಯ್ದಳು. ಅವಳಿಗೆ ನಾಚಿಕೊಳ್ಳುವಂಥದೇನೂ ಅದರಲ್ಲಿ ಕಾಣಲಿಲ್ಲ. ಮನೆಯಲ್ಲಿ ಬೇರೆ ಯಾರಿಗೆ ಇದೆಯೆಂದು ವೈದ್ಯರು ಕೇಳಿದರಂತೆ. ಯಾರಿಗೂ ಇಲ್ಲವೆಂದು ಅವಳು ಹೇಳಿ ಬಂದಳು. ರಾತ್ರಿ ಅದನ್ನು ಅವಳು ಹೇಳುತ್ತಿದ್ದಾಗ ನಾನು ಸುಮ್ಮನೆ ಕುಳಿತಿದ್ದೆ. ನನ್ನ ಪತ್ನಿಯೂ ಸುಮ್ಮನೆ ಕುಳಿತಿದ್ದಳು. ಮರುದಿನ ಕಪಾಟಿನಲ್ಲಿ ನನ್ನ ಮುಲಾಮನ್ನು ಹುಡುಕುವಾಗ ಸೀರೆಗಳ ಕೆಳಗೆ ಅದೇ ಹೆಸರಿನ ಇನ್ನೊಂದು ಕೊಳವೆ ಸಿಕ್ಕಿತು, ಅರ್ಧ ಹಿಂಡಿದ್ದು. ಮೂವತ್ತೆಂಟು ವರ್ಷ ಒಟ್ಟಿಗೆ ಬಾಳಿದ ಇಬ್ಬರು ಒಂದೇ ರೋಗವನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟು, ಒಂದೇ ತಪ್ಪು ಔಷಧವನ್ನು ಹಚ್ಚಿಕೊಂಡು, ಒಂದೇ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದೆವು.

ಹಿಂಸೆಯ ಪ್ರಶ್ನೆಯನ್ನು ನಾನು ನಿಜವಾಗಿ ಯೋಚಿಸತೊಡಗಿದ್ದು ಆ ದಿನದಿಂದ. ಉಮಾಸ್ವಾಮಿಗಳು ತತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣಕ್ಕಿಂತ ಮೊದಲು ಪ್ರಮಾದವನ್ನು ಹೇಳುತ್ತಾರೆಂಬುದು ಸ್ವಾಧ್ಯಾಯ ಮಾಡುವವರಿಗೆಲ್ಲ ಗೊತ್ತು. ಅಜಾಗರೂಕತೆಯಿಂದ, ಕಷಾಯವಶನಾಗಿ ನಡೆದುಕೊಳ್ಳುವುದೇ ಮೂಲ. ಆ ದೃಷ್ಟಿಯಿಂದ ನೋಡಿದಾಗ ಶಿಲೀಂಧ್ರವನ್ನು ಕೊಲ್ಲುವ ಔಷಧಕ್ಕಿಂತ, ನಾನು ಒಂದು ವರ್ಷ ಅದನ್ನು ಮುಚ್ಚಿಟ್ಟು ಬೆಳೆಸಿದ್ದೇ ದೊಡ್ಡ ಹಿಂಸೆಯಾಗಿ ತೋರಿತು. ಅದರ ಹಿಂದೆ ಇದ್ದದ್ದು ಕರುಣೆಯಲ್ಲ, ಮಾನಕಷಾಯ. ಪಂಚೇಂದ್ರಿಯ ಜೀವವಾದ ಮಗುವಿಗೆ ನೋವು. ಅನಂತ ಏಕೇಂದ್ರಿಯಗಳ ನಿರಂತರ ಹುಟ್ಟು ಸಾವು. ಜೊತೆಗೆ ಮೌನದ ಮೂಲಕ ಅಸತ್ಯ.

ನಮ್ಮ ಮನೆಗಳ ಆಚಾರದಲ್ಲಿ ಈ ತಿಳಿವಳಿಕೆ ಮೊದಲೇ ಇದೆ. ನೀರನ್ನು ಸೋಸಿ ಕಾಯಿಸುತ್ತೇವೆ. ಕಾಯಿಸುವಾಗ ಅಪ್ಕಾಯಿಕ ಜೀವಗಳಿಗೆ ಘಾತವಾಗುತ್ತದೆಂದು ಗೊತ್ತಿದ್ದೂ, ಅದರಿಂದ ಮುಂದೆ ಜೀವೋತ್ಪತ್ತಿಯ ಸರಪಳಿ ನಿಲ್ಲುತ್ತದೆಂದು ಒಪ್ಪುತ್ತೇವೆ. ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಎಂದು ಮರ್ಯಾದೆ ಹಾಕಿರುವುದರ ತಿರುಳೂ ಇದೇ: ತೇವವಿದ್ದಲ್ಲಿ ಜೀವ ಹುಟ್ಟುತ್ತದೆ, ಹುಟ್ಟಿದ ಮೇಲೆ ಕೊಲ್ಲುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳುವುದು ಯತ್ನಾಚಾರ. ಹಪ್ಪಳವನ್ನು ಅಷ್ಟು ಜತನದಿಂದ ಬಿಸಿಲಿಗಿಡುವ ನಾವು ಒದ್ದೆ ಮೈಗೆ ಬಟ್ಟೆ ಸುತ್ತಿಕೊಂಡು ದಿನವಿಡೀ ಇರುತ್ತೇವೆ. ಸ್ನಾನದ ನಂತರ ಸಂದುಗಳನ್ನು ಒಣಗಿಸುವುದು, ಬೆವರಿನ ಒಳಉಡುಪನ್ನು ಬದಲಿಸುವುದು, ಪ್ರತಿಯೊಬ್ಬರಿಗೂ ಬೇರೆ ಟವೆಲ್ಲು, ಬಟ್ಟೆಯನ್ನು ಬಿಸಿನೀರಲ್ಲಿ ಒಗೆದು ಬಿಸಿಲಲ್ಲಿ ಒಣಗಿಸುವುದು, ಇವು ವೈದ್ಯರು ಹೇಳಿದ ಮಾತುಗಳು. ಅಡುಗೆಮನೆಯಲ್ಲಿ ನನ್ನ ತಾಯಿ ಹೇಳುತ್ತಿದ್ದುದಕ್ಕೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ.

ಔಷಧಗಳಲ್ಲಿ ಎರಡು ಬಗೆಯಿದೆಯೆಂದು ವೈದ್ಯರು ವಿವರಿಸಿದರು. ಟರ್ಬಿನಾಫಿನ್ ಎಂಬುದು ಶಿಲೀಂಧ್ರವನ್ನು ಕೊಲ್ಲುತ್ತದೆ. ಇಟ್ರಾಕೊನಜೋಲ್ ಎಂಬುದು ಬಹುಮಟ್ಟಿಗೆ ಅದರ ಬೆಳವಣಿಗೆಯನ್ನು ತಡೆಯುತ್ತದೆ. ಚರ್ಮ ಸಹಜವಾಗಿ ಉದುರುವಾಗ ಶಿಲೀಂಧ್ರವೂ ಉದುರಿಹೋಗುತ್ತದೆ. ನನ್ನ ಮುಖ ಅರಳಿದ್ದನ್ನು ಕಂಡು ಅವರು ಕಾರಣ ಕೇಳಿದರು. ಕೊಲ್ಲದ ಔಷಧವೊಂದು ಸಿಕ್ಕಿತೆಂಬ ನನ್ನ ಸಂತೋಷವನ್ನು ಕೇಳಿ, ಉದುರಿದ ಮೇಲೆ ಅದು ಬದುಕಿ ಇನ್ನೊಬ್ಬರ ಮೈಗೆ ಹತ್ತಲೆಂದು ನಿಮ್ಮ ಆಸೆಯೇ ಎಂದು ನಗುತ್ತ ಕೇಳಿದರು. ಅವರು ಜೈನರಲ್ಲ, ಆದರೆ ಮಾತು ಸರಿಯಾದ ಸ್ಥಳಕ್ಕೆ ತಾಗಿತು. ಇಟ್ರಾಕೊನಜೋಲನ್ನೇ ಅವರು ಕೊಟ್ಟರು. ಟರ್ಬಿನಾಫಿನ್‌ಗೆ ಬಗ್ಗದ ತಳಿ ನಮ್ಮ ನಾಡಿನಲ್ಲಿ ಹಬ್ಬಿರುವುದೇ ಅದಕ್ಕೆ ಕಾರಣ, ನನ್ನ ಅಹಿಂಸೆಯಲ್ಲ.

ಆದರೆ ಔಷಧದ ಪೊಟ್ಟಣ ಕೈಗೆ ಬಂದಾಗ ನಿಜವಾದ ಧರ್ಮಸಂಕಟ ಎದುರಾಯಿತು. ಇಟ್ರಾಕೊನಜೋಲ್ ನನಗೆ ದೊರೆತದ್ದು ಕ್ಯಾಪ್ಸೂಲಿನ ರೂಪದಲ್ಲಿ. ಕ್ಯಾಪ್ಸೂಲಿನ ಹೊರಕವಚವು ಹೆಚ್ಚಾಗಿ ಜೆಲಟಿನ್‌ನಿಂದ ಮಾಡಿದ್ದು. ಜೆಲಟಿನ್ ಎಂಬುದು ಪ್ರಾಣಿಗಳ ಚರ್ಮ ಮತ್ತು ಮೂಳೆಗಳನ್ನು ಬೇಯಿಸಿ ತೆಗೆದ ಪದಾರ್ಥ. ತಿಂಡಿಯ ಪೊಟ್ಟಣಗಳ ಮೇಲಿರುವ ಹಸಿರು ಚುಕ್ಕೆಯನ್ನು ಔಷಧದ ಪಟ್ಟಿಯ ಮೇಲೆ ಹುಡುಕಿದೆ, ಸಿಗಲಿಲ್ಲ. ಏಕೇಂದ್ರಿಯ ಶಿಲೀಂಧ್ರದ ಬಗ್ಗೆ ಇಷ್ಟು ತರ್ಕ ಮಾಡಿದವನು ಪಂಚೇಂದ್ರಿಯ ಪ್ರಾಣಿಯ ಮೂಳೆಯ ಸಾರವನ್ನು ದಿನಕ್ಕೆ ಎರಡು ಬಾರಿ ನುಂಗಬೇಕೆ?

ಈ ಪ್ರಶ್ನೆ ನಮಗೆ ಹೊಸದಲ್ಲ ಎಂಬುದು ಒಂದು ಸಮಾಧಾನ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ರಚಿಸಿದರು. ಮದ್ಯ, ಮಾಂಸ, ಮಧುಗಳಿಲ್ಲದೆ ಚಿಕಿತ್ಸೆಯನ್ನು ಹೇಳುವುದು ಅದರ ವೈಶಿಷ್ಟ್ಯ. ಮಾಂಸವಿಲ್ಲದೆ ವೈದ್ಯವಿಲ್ಲವೆಂದು ವಾದಿಸುತ್ತಿದ್ದವರ ಎದುರಿಗೆ ಅರಸನ ಸಭೆಯಲ್ಲಿ ಮಾಡಿದ ಖಂಡನೆಯೂ ಆ ಗ್ರಂಥದ ಕೊನೆಯಲ್ಲಿ ಸೇರಿದೆ. ಪೂಜ್ಯಪಾದರ ಹೆಸರಿನಲ್ಲಿದ್ದ ಇನ್ನೊಂದು ಕಲ್ಯಾಣಕಾರಕವನ್ನು ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಕನ್ನಡಕ್ಕೆ ತಂದ. ಗಮನಿಸಬೇಕಾದ ಅಂಶವೆಂದರೆ ಈ ಆಚಾರ್ಯರು ಯಾರೂ ರೋಗವನ್ನು ಕರ್ಮಫಲವೆಂದು ಸಹಿಸಿಕೊಂಡು ಕುಳಿತಿರೆಂದು ಶ್ರಾವಕನಿಗೆ ಹೇಳಲಿಲ್ಲ. ಔಷಧವೇ ಹಿಂಸೆಯೆಂದೂ ಹೇಳಲಿಲ್ಲ. ಔಷಧದಲ್ಲಿ ಏನಿದೆ ನೋಡಿ ತೆಗೆದುಕೋ, ಶುದ್ಧವಾದ ಇನ್ನೊಂದು ದಾರಿಯನ್ನು ಹುಡುಕು ಎಂದರು. ಸಾವಿರದ ನೂರು ವರ್ಷಗಳ ಹಿಂದೆ ಅವರು ಪಟ್ಟ ಶ್ರಮದ ನೂರನೆಯ ಒಂದು ಪಾಲನ್ನಾದರೂ ನಾವು ಪಡಬಹುದು. ಕವಚದ ಬಗ್ಗೆ ವೈದ್ಯರನ್ನು ಕೇಳಿದೆ. ಸಸ್ಯಮೂಲದ ಸೆಲ್ಯುಲೋಸಿನಿಂದ ಮಾಡಿದ ಕವಚಗಳೂ ಇವೆಯೆಂದು ಹೇಳಿ, ವಿಚಾರಿಸಿ, ನಾಲ್ಕು ದಿನ ಕಾಯಿಸಿ, ಅಂಥದನ್ನು ತರಿಸಿಕೊಟ್ಟರು. ಎಲ್ಲ ಊರಿನಲ್ಲಿ ಅದು ದೊರೆಯಲಾರದು. ದೊರೆಯದಿದ್ದಾಗ ಕವಚವನ್ನು ಬಿಡಿಸಿ ಒಳಗಿನ ಕಾಳುಗಳನ್ನಷ್ಟೇ ನುಂಗುವ ಉಪಾಯವನ್ನು ತಾವೇ ಮಾಡಿಕೊಳ್ಳಬಾರದು. ವೈದ್ಯರಿಗೆ ಹೇಳಿದರೆ ಮಾತ್ರೆಯ ರೂಪದ ಬೇರೆ ಔಷಧವನ್ನು ಯೋಚಿಸುತ್ತಾರೆ. ಹಳೆಯ ಗ್ರಿಸಿಯೋಫಲ್ವಿನ್ ಅಂಥದೊಂದು. 1939ರಲ್ಲಿ ಅದನ್ನು ಬೇರ್ಪಡಿಸಿದ್ದು ಪೆನಿಸಿಲಿಯಂ ಜಾತಿಯ ಒಂದು ಬೂಷ್ಟಿನಿಂದಲೇ ಎಂಬುದು ವಿಚಿತ್ರವಾದರೂ ನಿಜ. ನಾವು ಸುಮ್ಮನಿದ್ದು ನುಂಗಿದರೆ ಔಷಧದ ಕಂಪನಿಗಳಿಗೆ ನಮ್ಮ ಬೇಡಿಕೆ ತಿಳಿಯುವ ಬಗೆ ಹೇಗೆ? ಇದು ನಮ್ಮ ಸಂಘಸಂಸ್ಥೆಗಳು ಪತ್ರ ಬರೆಯಬೇಕಾದ ವಿಷಯವೆಂದು ನನ್ನ ಅಭಿಪ್ರಾಯ.

ಇಟ್ರಾಕೊನಜೋಲಿನ ಕ್ಯಾಪ್ಸೂಲನ್ನು ಹೊಟ್ಟೆತುಂಬ ಊಟದೊಡನೆ ತೆಗೆದುಕೊಳ್ಳಬೇಕು. ಖಾಲಿ ಹೊಟ್ಟೆಯಲ್ಲಿ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ರಾತ್ರಿಭೋಜನ ತ್ಯಾಗವಿರುವ ನಮಗೆ ಎರಡನೆಯ ಸರದಿಯನ್ನು ಸೂರ್ಯಾಸ್ತಕ್ಕೆ ಮುಂಚಿನ ಊಟಕ್ಕೆ ಹೊಂದಿಸಿಕೊಳ್ಳುವುದು ಕಷ್ಟವಾಗಲಿಲ್ಲ. ಕಷ್ಟ ಬಂದದ್ದು ಭಾದ್ರಪದದಲ್ಲಿ. ಪತ್ನಿಗೆ ಔಷಧ ಆರಂಭವಾಗಿ ಮೂರು ವಾರವಾಗಿತ್ತು, ತುರಿಕೆ ಪೂರ್ತಿ ನಿಂತಿತ್ತು, ದಶಲಕ್ಷಣ ಪರ್ವ ಬಂದಿತು. ಅವಳು ಹತ್ತು ದಿನದ ಉಪವಾಸ ಹಿಡಿದಳು, ಔಷಧವನ್ನೂ ನಿಲ್ಲಿಸಿದಳು. ನಾನು ತಡೆಯಲಿಲ್ಲ. ನಿಜ ಹೇಳಬೇಕೆಂದರೆ ಬಸದಿಯಲ್ಲಿ ಅವಳ ತಪಸ್ಸನ್ನು ಜನ ಹೊಗಳುವಾಗ ನನಗೆ ಹೆಮ್ಮೆಯಾಗುತ್ತಿತ್ತು. ಪಾರಣೆಯಾದ ಮೇಲೆಯೂ ತುರಿಕೆಯಿಲ್ಲವಲ್ಲ ಎಂದು ಅವಳು ಔಷಧವನ್ನು ಮುಟ್ಟಲಿಲ್ಲ. ದೀಪಾವಳಿಯ ಹೊತ್ತಿಗೆ ಬೆನ್ನ ತುಂಬ ಬಳೆಗಳು.

ಹೊರಪದರದ ಚರ್ಮ ಹೊಸದಾಗಿ ಬರಲು ಸುಮಾರು ಒಂದು ತಿಂಗಳು ಬೇಕು. ಕಣ್ಣಿಗೆ ಬಳೆ ಕಾಣದಾದ ಮೇಲೆಯೂ ಶಿಲೀಂಧ್ರ ಉಳಿದಿರುತ್ತದೆ. ಆದ್ದರಿಂದಲೇ ಗುಣವಾದಂತೆ ಕಂಡ ನಂತರವೂ ವೈದ್ಯರು ಹೇಳಿದಷ್ಟು ದಿನ ಔಷಧ ಮುಂದುವರಿಯಬೇಕು. ಅರ್ಧಕ್ಕೆ ನಿಲ್ಲಿಸಿದರೆ ನಷ್ಟ ನಮ್ಮೊಬ್ಬರದೇ ಅಲ್ಲ. ಭಾರತದಲ್ಲಿ ಕಳೆದ ಒಂದು ದಶಕಕ್ಕೂ ಹೆಚ್ಚು ಕಾಲದಿಂದ ಈ ವ್ಯಾಧಿ ಹಿಂದೆಂದೂ ಕಾಣದಷ್ಟು ಹಟಮಾರಿಯಾಗಿದೆ. 2020ರಲ್ಲಿ ಜಪಾನಿನ ಸಂಶೋಧಕರು ಟರ್ಬಿನಾಫಿನ್‌ಗೆ ಬಗ್ಗದ ಈ ತಳಿಗೆ ಟ್ರೈಕೊಫೈಟನ್ ಇಂಡೋಟಿನಿಯೆ ಎಂದು ಹೆಸರಿಟ್ಟರು. ಹೆಸರಿನಲ್ಲಿಯೇ ನಮ್ಮ ದೇಶವಿದೆ. 2023ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಅದು ಇಬ್ಬರಲ್ಲಿ ಕಂಡುಬಂದುದು ವರದಿಯಾಯಿತು. ಅವರಲ್ಲಿ ಒಬ್ಬರು ಹೊರದೇಶಕ್ಕೆ ಹೋದವರೇ ಅಲ್ಲ. ಸ್ಟೀರಾಯ್ಡ್ ಬೆರೆತ ಮುಲಾಮುಗಳು ಮತ್ತು ಅರೆಬರೆ ಚಿಕಿತ್ಸೆ ಈ ಸ್ಥಿತಿಗೆ ನೆರವಾದುವೆಂದು ಚರ್ಮವೈದ್ಯರು ಹೇಳುತ್ತಾರೆ. ನನ್ನ ಕಪಾಟಿನ ಕೊಳವೆ ಅದರಲ್ಲಿ ಎಷ್ಟನೆಯ ಪಾಲೋ ಯಾರು ಬಲ್ಲರು.

ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಹೇಳುವಾಗ ಶಕ್ತಿಗನುಸಾರವಾಗಿ ಎಂಬ ವಿಶೇಷಣವನ್ನು ಆಚಾರ್ಯರು ಸುಮ್ಮನೆ ಸೇರಿಸಲಿಲ್ಲ. ಅದೇ ಪಟ್ಟಿಯಲ್ಲಿ ರೋಗಿಯ ಸೇವೆಯಾದ ವೈಯಾವೃತ್ಯವೂ ಇದೆ. ಚಿಕಿತ್ಸೆಯ ನಡುವೆ ಇರುವವರು ಪರ್ವದಲ್ಲಿ ರಸತ್ಯಾಗ ಮಾಡಬಹುದು, ಮೌನವಿರಬಹುದು, ಸ್ವಾಧ್ಯಾಯ ಹೆಚ್ಚಿಸಬಹುದು. ಉಪವಾಸವೊಂದೇ ತಪವಲ್ಲ. ಇದನ್ನು ಮುನಿಮಹಾರಾಜರೊಬ್ಬರಲ್ಲಿ ಕೇಳಿದಾಗ ಅವರು ಪತ್ನಿಗೆ ಔಷಧ ಮುಗಿಯುವವರೆಗೆ ಉಪವಾಸ ಬೇಡವೆಂದೇ ಹೇಳಿದರು. ನಾವು ಮೊದಲು ಕೇಳಬೇಕಾಗಿತ್ತು.

ಹಾಗಾದರೆ ಸನತ್ಕುಮಾರ ಚಕ್ರವರ್ತಿಯ ಕಥೆ? ಮುನಿಯಾದ ಮೇಲೆ ಮೈತುಂಬ ರೋಗ ಬಂದು, ಅದನ್ನು ನೀಗುವ ಋದ್ಧಿ ತನ್ನಲ್ಲೇ ಇದ್ದರೂ ಬಳಸದೆ, ವೈದ್ಯನ ವೇಷದಲ್ಲಿ ಬಂದ ದೇವನಿಗೆ ಜನ್ಮಮರಣದ ರೋಗಕ್ಕೆ ಔಷಧವಿದ್ದರೆ ಕೊಡೆಂದ ಮಹಾತ್ಮನವನು. ರೋಗಪರೀಷಹವನ್ನು ಗೆಲ್ಲುವುದು ಮುನಿಧರ್ಮ. ದೇಹದ ಮಮತೆಯನ್ನು ಬಿಟ್ಟವನಿಗೆ ಅದು ಒಪ್ಪುತ್ತದೆ. ಅಂಗಡಿಯಲ್ಲಿ ದನಿ ತಗ್ಗಿಸಿ ಮುಲಾಮು ಕೊಂಡ ನನಗೆ ಆ ಕಥೆಯ ಆಸರೆ ಪಡೆಯುವ ಅಧಿಕಾರವಿಲ್ಲ. ಗೃಹಸ್ಥನಿಗೆ ಹೇಳಿರುವುದು ಔಷಧದಾನ. ನಾಲ್ಕು ದಾನಗಳಲ್ಲಿ ಅದೂ ಒಂದು. ಇನ್ನೊಬ್ಬರಿಗೆ ಕೊಡುವುದು ಪುಣ್ಯವಾದರೆ ತಾನು ತೆಗೆದುಕೊಳ್ಳುವುದು ಪಾಪವಾಗುವುದೆಂತು?

ನಮಗೆ ಹೆಚ್ಚು ಬೇಕಾಗಿರುವುದು ಉದ್ದಾಯನ ರಾಜನ ಕಥೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿರ್ವಿಚಿಕಿತ್ಸಾ ಅಂಗಕ್ಕೆ ಅವನನ್ನೇ ದೃಷ್ಟಾಂತವಾಗಿ ಹೆಸರಿಸುತ್ತಾರೆ. ಚರ್ಮವೆಲ್ಲ ಕೊಳೆತ ಮುನಿಯ ರೂಪದಲ್ಲಿ ಬಂದ ದೇವನು ಆಹಾರವನ್ನುಂಡು ಅರಸನ ಮೇಲೆಯೇ ವಾಂತಿ ಮಾಡಿದಾಗ, ಅವನು ಅಸಹ್ಯಪಡದೆ, ತಾನು ಕೊಟ್ಟ ಆಹಾರದಲ್ಲಿಯೇ ದೋಷವಿತ್ತೇನೋ ಎಂದು ಮರುಗಿದನಂತೆ. ನಮ್ಮಲ್ಲಿ ಚರ್ಮರೋಗವೆಂದರೆ ಇರುವ ಭಯಕ್ಕೆ ಒಂದು ಹಳೆಯ ಕಾರಣವೂ ಇದೆ. ಆಯುರ್ವೇದದಲ್ಲಿ ಕುಷ್ಠವೆಂಬ ಮಾತು ಅನೇಕ ಚರ್ಮವ್ಯಾಧಿಗಳಿಗೆ ಸಾಮಾನ್ಯವಾದ ಹೆಸರು. ಹುಳುಕಡ್ಡಿಯನ್ನು ಹೋಲುವ ದದ್ರುವನ್ನು ಚರಕಸಂಹಿತೆ ಕ್ಷುದ್ರಕುಷ್ಠಗಳಲ್ಲಿ ಎಣಿಸಿದರೆ ಸುಶ್ರುತಸಂಹಿತೆ ಮಹಾಕುಷ್ಠಗಳಲ್ಲಿ ಎಣಿಸಿದೆ. ಪುರಾಣದಲ್ಲಿ ಕುಷ್ಠವೆಂದು ಓದಿದೊಡನೆ ನಾವು ಪೂರ್ವಜನ್ಮದ ಘೋರ ಪಾಪವನ್ನು ನೆನೆಯುತ್ತೇವೆ. ಬೆವರನ್ನೂ ಒದ್ದೆ ಬಟ್ಟೆಯನ್ನೂ ನೆನೆಯುವುದಿಲ್ಲ. ಅಸಾತಾವೇದನೀಯ ಕರ್ಮ ಇರಲಿ. ಅದರ ಉದಯಕ್ಕೆ ನಿಮಿತ್ತಗಳೂ ಇರುತ್ತವೆ, ನಿಮಿತ್ತವನ್ನು ಸರಿಸುವುದು ಪುರುಷಾರ್ಥ.

ನನ್ನ ಚಿಕಿತ್ಸೆ ಮುಗಿದದ್ದು ಪುಷ್ಯದಲ್ಲಿ, ಪತ್ನಿಯದು ಫಾಲ್ಗುಣದಲ್ಲಿ. ಮೊಮ್ಮಗಳಿಗೆ ಮುಲಾಮಿನಲ್ಲೇ ಗುಣವಾಯಿತು. ಮುಂದಿನ ಮಳೆಗಾಲಕ್ಕೆ ಮುಂಚೆ ಬಸದಿಯ ಸಮಿತಿಯ ಸಭೆಯಲ್ಲಿ ಒಂದು ವಿಷಯವನ್ನು ಎತ್ತಿದೆ. ಅಭಿಷೇಕಕ್ಕೆ ಬರುವವರಿಗೆಂದು ನಮ್ಮಲ್ಲಿ ಆರು ಮಡಿ ಧೋತರಗಳು ಗೂಟಕ್ಕೆ ತೂಗಿರುತ್ತವೆ. ಒಬ್ಬರು ಉಟ್ಟು ಬಿಟ್ಟದ್ದನ್ನು ನೀರಲ್ಲಿ ಅದ್ದಿ ಹಿಂಡಿ ಅಲ್ಲಿಯೇ ಹರವುತ್ತಾರೆ. ಆಷಾಢದಲ್ಲಿ ಅವು ಒಣಗುವುದೇ ಇಲ್ಲ. ಆ ಧೋತರಗಳನ್ನು ಒಂದು ವರ್ಷ ನಾನೂ ಉಟ್ಟಿದ್ದೆ. ಪ್ರತಿಯೊಬ್ಬರೂ ಮನೆಯಿಂದ ಸ್ವಂತ ಧೋತರ ತರಲಿ, ಪರಸ್ಥಳದವರಿಗಾಗಿ ಇರುವವನ್ನು ಪ್ರತಿಸಲ ಬಿಸಿನೀರಲ್ಲಿ ಒಗೆದು ಬಿಸಿಲು ಕಾಣಿಸಿ ಇಡೋಣ, ಯಾತ್ರಿಕರ ಕೋಣೆಯ ಹೊದಿಕೆಗಳಿಗೂ ಅದೇ ನಿಯಮವಿರಲಿ ಎಂದೆ. ಮಡಿ ಬಟ್ಟೆಗೆ ಏನು ದೋಷವೆಂದು ಹಿರಿಯ ಸದಸ್ಯರೊಬ್ಬರು ಕೇಳಿದರು. ಕಾರಣ ಹೇಳಿದೆ, ನನ್ನ ಹೆಸರನ್ನೇ ಹಿಡಿದು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಿರ್ಣಯವಾಯಿತು. ಎಲ್ಲರೂ ಎದ್ದ ಮೇಲೆ ಇಬ್ಬರು ಸದಸ್ಯರು ಬೇರೆ ಬೇರೆಯಾಗಿ ನನ್ನ ಬಳಿ ಬಂದು ವೈದ್ಯರ ವಿಳಾಸ ಕೇಳಿದರು.

ಪ್ರಶ್ನೆ ಕೇಳಿದ್ದ ರೈತರ ಮನೆಗೆ ಹೋದದ್ದು ಅದರ ನಂತರ. ನನ್ನ ಒಂದು ಮಾತಿನ ಉತ್ತರ ಅವರಿಗೆ ಸಾಲಿರಲಿಲ್ಲ. ಅಂದಿನಿಂದ ಅವರು ಯಾವ ಔಷಧವನ್ನೂ ಹಚ್ಚದೆ, ಮಳೆಯಲ್ಲಿ ಗದ್ದೆಯ ಕೆಲಸ ಮಾಡುತ್ತ, ರಾತ್ರಿ ತುರಿಸಬಾರದೆಂದು ಕೈಗೆ ಬಟ್ಟೆ ಸುತ್ತಿಕೊಂಡು ಮಲಗುತ್ತಿದ್ದರು. ಅಂಗಿ ತೆಗೆದು ಬೆನ್ನು ತೋರಿಸಿದರು. ಇಲ್ಲಿ ಬರೆದದ್ದನ್ನೆಲ್ಲ ಜಗಲಿಯ ಮೇಲೆ ಕುಳಿತು ಅವರಿಗೆ ಹೇಳಿದೆ, ನನ್ನ ನಗುವಿಗೆ ಕ್ಷಮೆಯನ್ನೂ ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿ, "ಹಂಗಾದ್ರ ಹುಳ ಅಲ್ಲನ್ರಿ ಅದು?" ಎಂದು ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಂಡರು. ಗುರುವಾರದ ಬೆಳಗಿನ ಬಸ್ಸಿಗೆ ಇಬ್ಬರೂ ಬೆಳಗಾವಿಗೆ ಹೋದೆವು.